ಫಾಟಾದ ಮೇಲಿನ ಹುಶಾರ ಕೂಸು

ನಮ್ಮ ಅಂಗಳದಲ್ಲಿ ಸೋಯಾಬೀನಿನ ಬಣವೆಯ ಮೇಲೆ ಒಬ್ಬ ಹುಡುಗಿ ಅಂಗಾತ ಮಲಗಿದ್ದಾಳೆ. ಗಾಬರಿಯಾಗಬೇಡಿ, ಅವಳು ಫ್ಲೆಕ್ಸಿನ ಹುಡುಗಿ. ಮರಾಠವಾಡಾದ ನಿಲಂಗಾ ಸೀಮೆಯಲ್ಲಿ ತಾಡಪತ್ರಿ ಕೊಂಡು ರಾಶಿ ಮುಚ್ಚುವವರು ಈಚೆಗೆ ಕಡಿಮೆಯಾಗಿದ್ದಾರೆ. ಪುಢಾರಿಗಳಿಗೆ ಹುಟ್ಟುಹಬ್ಬಗಳಿರುವವರೆಗೆ, ಮಕ್ಕಳಿಗೆ ಪರೀಕ್ಷೆಗಳಿರುವವರೆಗೆ, ರೈತನ ಕಾಳು ನೆನೆಯುವ ಭಯವಿಲ್ಲ. ಹಬ್ಬ ಮುಗಿದ ಮೇಲೆ ಫ್ಲೆಕ್ಸು ಕೆಳಗಿಳಿಯುತ್ತದೆ, ಯಾರದೋ ಬಣವೆಯನ್ನು, ಯಾರದೋ ಕುರಿದೊಡ್ಡಿಯನ್ನು ಏರುತ್ತದೆ. ನನ್ನ ಪಾಲಿಗೆ ಬಂದದ್ದು ಕೋಮಲ ಎಂಬ ಒಂಬತ್ತು ವರ್ಷದ ಹುಡುಗಿಯ ಫ್ಲೆಕ್ಸು. ಎರಡು ಜಡೆ, ಹೊಸ ಫ್ರಾಕು, ಕೈಯಲ್ಲೊಂದು ಚೀಟಿ, ಕಣ್ಣಿನ ಮೇಲೆ ದಪ್ಪ ಕರಿಯ ಪಟ್ಟಿ. ತಲೆಯ ಸುತ್ತ ದೇವರ ಪಟದಲ್ಲಿರುವಂಥ ಪ್ರಭಾವಳಿ, ಕೆಳಗೆ ಮರಾಠಿಯಲ್ಲಿ ‘ಅದ್ಭುತ ಬಾಲಿಕಾ’ ಎಂಬ ಕೆಂಪಕ್ಷರ. ಗಾಳಿ ಎದ್ದಾಗ ಈ ಅದ್ಭುತ ಬಾಲಿಕೆ ಪಟಪಟ ಬಡಿದುಕೊಳ್ಳುತ್ತಾಳೆ. ಹಾರಿಹೋಗದಿರಲೆಂದು ನಾನು ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಒಂದು ದೊಡ್ಡ ಕಲ್ಲು ಹೇರುತ್ತೇನೆ. ಆ ನಡುವಿನ ಕಲ್ಲು ಸರಿಯಾಗಿ ಕರಿಯ ಪಟ್ಟಿಯ ಮೇಲೆ ಕೂಡುತ್ತದೆ.

ನನ್ನ ಪರಿಚಯ ಹೇಳಲಿಲ್ಲ. ನಾನು ಬಸವಕಲ್ಯಾಣದ ಕಡೆಯಿಂದ ಸೊಸೆಯಾಗಿ ಬಂದವಳು. ಕಾಸಾರಶಿರಸಿಯಿಂದ ಒಳಗೆ, ಡಾಂಬರು ಮುಗಿದು ಕರಿಮಣ್ಣು ಶುರುವಾಗುವಲ್ಲಿ ನಮ್ಮ ಊರು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಊರಿನವರು ಸಣ್ಣವರು ದೊಡ್ಡವರೆನ್ನದೆ ನನ್ನನ್ನು ‘ಕಾಕು’, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ. ಹೊಲ ನೋಡಿಕೊಳ್ಳುತ್ತೇನೆ, ಲಿಂಗಪೂಜೆ ತಪ್ಪಿಸುವುದಿಲ್ಲ, ತವರಿನಿಂದ ಬಂದವರು ತಂದುಕೊಟ್ಟ ಕನ್ನಡ ಪುಸ್ತಕ ಓದುತ್ತೇನೆ, ಮಿಕ್ಕ ವೇಳೆಯಲ್ಲಿ ಊರಿನ ಮೇಲೆ ನಗುತ್ತೇನೆ. ಈ ಕೊನೆಯ ಕಸುಬಿಗೆ ನಮ್ಮಲ್ಲಿ ಎಂದೂ ಬರಗಾಲ ಬಿದ್ದಿಲ್ಲ.

ನಮ್ಮಲ್ಲಿ ಜಾಣ ಮಕ್ಕಳಿಗೆ ‘ಹುಶಾರ’ ಅನ್ನುತ್ತಾರೆ. ಕನ್ನಡದವರೂ ಹಾಗೇ, ಮರಾಠಿಯವರೂ ಹಾಗೇ, ನಿಜಾಮನ ಕಾಲದ ಮುದುಕರೂ ಹಾಗೇ. ಮೂರು ಭಾಷೆಯವರು ಒಪ್ಪಿದ ಸಂಗತಿ ನಮ್ಮ ಗಡಿಯಲ್ಲಿ ಇದೊಂದೇ ಇರಬೇಕು: ಲೋಕದಲ್ಲಿ ಹುಶಾರ ಮಕ್ಕಳಿದ್ದಾರೆ, ಉಳಿದವರಿದ್ದಾರೆ, ಮತ್ತು ನಮ್ಮ ಮನೆಯ ಕೂಸು ಮೊದಲನೆಯ ಜಾತಿಯದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ, ಆದರೆ ಆ ಹೆಗ್ಗಣಕ್ಕೆ ಪರೀಕ್ಷೆ ಕಟ್ಟಿಸಿ, ಕ್ಲಾಸು ಹಚ್ಚಿ, ಫ್ಲೆಕ್ಸು ಹಾಕಿಸುವ ಕಾಲ ಬರುತ್ತದೆಂದು ಪಾಪ ಅವರಿಗೂ ಹೊಳೆದಿರಲಿಕ್ಕಿಲ್ಲ.

ಹುಶಾರ ಮಕ್ಕಳ ಶಿಕ್ಷಣಕ್ಕೆ ನಮ್ಮ ಊರಿನಲ್ಲಿ ದೊಡ್ಡ ಇತಿಹಾಸವೇ ಇದೆ. ಯಾರೂ ಬರೆದಿಲ್ಲವಾದ್ದರಿಂದ ನಾನೇ ಹೇಳಬೇಕು. ಅದು ಬಜೆಯ ಬೇರಿನಿಂದ ಶುರುವಾಗುತ್ತದೆ. ಕೂಸಿನ ನಾಲಿಗೆ ತಿರುಗಲಿ, ಬುದ್ಧಿ ಚುರುಕಾಗಲಿ ಎಂದು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಾರೆ. ಕೂಸು ಮುಖ ಕಿವಿಚಿ ಕಿಟಾರನೆ ಚೀರುತ್ತದೆ, ಶಿಕ್ಷಣದ ಬಗ್ಗೆ ಅದು ಹೇಳುವ ಮೊದಲನೆಯ ಮತ್ತು ಪ್ರಾಮಾಣಿಕವಾದ ಮಾತು ಅದೇ. ಆಮೇಲೆ ಅದನ್ನು ಚಾಪೆಯ ಮೇಲೆ ಬಿಟ್ಟು ಎದುರಿಗೆ ಪುಸ್ತಕ, ಬಂಗಾರ, ಜೋಳದ ಕಾಳು, ಕುಡಗೋಲು ಇಟ್ಟು ಏನು ಹಿಡಿಯುತ್ತದೆಂದು ನೋಡುತ್ತಾರೆ. ಎಲ್ಲ ಕೂಸುಗಳೂ ಪುಸ್ತಕವನ್ನೇ ಹಿಡಿಯುತ್ತವೆ. ಏಕೆಂದರೆ ಅದು ಹಿಡಿಯುವ ತನಕ ಸೋದರತ್ತೆ ಪುಸ್ತಕವನ್ನು ಮುಂದೆ ಮುಂದೆ ದೂಡುತ್ತಿರುತ್ತಾಳೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಎಲ್ಲರೂ ಸಕ್ಕರೆ ಹಂಚುತ್ತಾರೆ, ಕೂಸು ಆ ಪುಸ್ತಕದ ಮೂಲೆಯನ್ನು ಜಗಿಯುತ್ತಿರುತ್ತದೆ.

ನಿಜಾಮನ ಆಳಿಕೆಯಲ್ಲಿ ಈ ವಿದ್ಯೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನನ್ನ ಗಂಡನ ಅಜ್ಜ, ನಾವು ಮುತ್ಯಾ ಅನ್ನುತ್ತಿದ್ದೆವು, ಆಗ ಉರ್ದು ಶಾಲೆಯಲ್ಲಿ ಓದುತ್ತಿದ್ದರು. ಕುದುರೆಯ ಮೇಲೆ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂಬ ಸುದ್ದಿ ಬಂದರೆ ಮಾಸ್ತರರ ಧೋತ್ರ ಸಡಿಲಾಗುತ್ತಿತ್ತು. ಸಾಹೇಬರು ಎಲ್ಲ ಕಡೆ ಕೇಳುತ್ತಿದ್ದ ಪ್ರಶ್ನೆ ಒಂದೇ, ನಮ್ಮ ರಿಯಾಸತ್ತಿನ ನದಿಗಳು ಯಾವುವು ಎಂದು. ಅದಕ್ಕೆ ತಡವರಿಸದೆ ಉತ್ತರ ಹೇಳಬಲ್ಲ ಹುಡುಗ ಆ ಭಾಗದಲ್ಲಿ ನಮ್ಮ ಮುತ್ಯಾ ಒಬ್ಬರೇ. ಹೀಗಾಗಿ ಸಾಹೇಬರು ಯಾವ ಊರಿಗೆ ಹೊರಟರೋ ಆ ಊರಿಗೆ ಅವರಿಗಿಂತ ಮುಂಚೆ ಎತ್ತಿನ ಗಾಡಿಯಲ್ಲಿ ಮುತ್ಯಾನನ್ನು ಕಡ ಕೊಂಡೊಯ್ಯುತ್ತಿದ್ದರು. ವಲಾಂಡಿಯಲ್ಲಿ ಅವರೇ ನಿಂತು ಗೋದಾವರಿ, ಮಾಂಜರಾ ಎನ್ನುತ್ತಿದ್ದರು. ಉದಗೀರದ ಕಡೆಯ ಹಳ್ಳಿಯಲ್ಲೂ ಅವರೇ ನಿಂತು ಗೋದಾವರಿ, ಮಾಂಜರಾ ಎನ್ನುತ್ತಿದ್ದರು. ಈ ಸೀಮೆಯ ಹುಶಾರ ಹುಡುಗರೆಲ್ಲ ನೋಡಲು ಒಂದೇ ಥರ ಇರುತ್ತಾರೆಂದು ಸಾಹೇಬರು ಮೆಚ್ಚಿ ತಲೆದೂಗಿದರಂತೆ. ಗಾಡಿಯಲ್ಲಿ ತಿರುಗುವುದರಲ್ಲೇ ಮುತ್ಯಾನ ಶಾಲೆ ಮುಗಿಯಿತು. ನಾನು ಸೊಸೆಯಾಗಿ ಬಂದಾಗ ಅವರು ಹಾಸಿಗೆ ಹಿಡಿದಿದ್ದರು, ಯಾರು ಬಂದು ಏನು ಕೇಳಿದರೂ ಗೋದಾವರಿ, ಮಾಂಜರಾ ಎನ್ನುತ್ತಿದ್ದರು.

ಸ್ವರಾಜ್ಯ ಬಂತು, ಉರ್ದು ಹೋಗಿ ಮರಾಠಿ ಬಂತು, ಅದರ ಬೆನ್ನಿಗೆ ಡಬಲ್ ಪ್ರಮೋಷನ್ ಬಂತು. ಹುಶಾರ ಹುಡುಗನನ್ನು ಒಂದು ಇಯತ್ತೆ, ಅಂದರೆ ತರಗತಿ, ಹಾರಿಸಿ ಮುಂದಕ್ಕೆ ಕೂಡಿಸುವುದು. ನನ್ನ ಹಿರಿಯ ಮೈದುನ ಮೂರರಿಂದ ಜಿಗಿದು ಐದಕ್ಕೆ ಬಿದ್ದವರು. ಭಾಗಾಕಾರ ನಾಲ್ಕನೆಯ ಇಯತ್ತೆಯಲ್ಲಿತ್ತು. ಆ ಮನುಷ್ಯ ಗುಣಿಸುವುದರಲ್ಲಿ ಎತ್ತಿದ ಕೈ, ಭಾಗಿಸುವುದು ಮಾತ್ರ ಸಾಯುವ ತನಕ ಬರಲಿಲ್ಲ. ಅಣ್ಣತಮ್ಮಂದಿರ ಹೊಲದ ಹಿಸ್ಸೆ ನಮ್ಮ ಮನೆಯಲ್ಲಿ ಅಷ್ಟು ವರ್ಷ ಏಕೆ ಎಳೆಯಿತೆಂಬುದಕ್ಕೆ ವಕೀಲರು ಬೇರೆ ಕಾರಣ ಕೊಡುತ್ತಾರೆ, ನನಗೆ ಈ ಕಾರಣವೇ ಸರಿಯೆನಿಸುತ್ತದೆ.

ಆಮೇಲೆ ಬಂದದ್ದು ಬೆಂಚು. ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂಡುವ ಹುಶಾರ ಮಕ್ಕಳು ಮುಂದಿನ ಬೆಂಚಿನಲ್ಲಿ, ಸಾಧಾರಣದವರು ನಡುವೆ, ‘ಢ’ಗಳು ಹಿಂದೆ. ಮರಾಠಿಯಲ್ಲಿ ದಡ್ಡರನ್ನು ಈ ಒಂದೇ ಅಕ್ಷರದಿಂದ ಕರೆಯುತ್ತಾರೆ, ಅವರ ಮೇಲೆ ಎರಡನೆಯ ಅಕ್ಷರ ಖರ್ಚು ಮಾಡುವುದು ದಂಡವೆಂದು ಕಾಣುತ್ತದೆ. ನಮ್ಮೂರ ಶಾಲೆಯಲ್ಲಿ ಪ್ರತಿ ಚಾಚಣಿ ಪರೀಕ್ಷೆ ಮುಗಿದ ಮೇಲೆ ಮಾರ್ಕು ನೋಡಿ ಮಕ್ಕಳನ್ನು ಎಬ್ಬಿಸಿ ಮತ್ತೆ ಕೂಡಿಸುವ ಪದ್ಧತಿ ಇಂದಿಗೂ ಇದೆ. ಲೋಕದವರು ಏನೇ ಹೇಳಲಿ, ಹುಶಾರ ಮಕ್ಕಳಿಗೆ ಹೇಗೆ ಕಲಿಸಿದರು ಎಂಬುದಕ್ಕಿಂತ ಉಳಿದವರನ್ನು ಎಲ್ಲಿ ಕೂಡಿಸಿದರು ಎಂಬುದರಲ್ಲೇ ಈ ಇತಿಹಾಸದ ತಿರುಳಿದೆ ಎಂದು ನನಗೆ ಅನಿಸುತ್ತದೆ. ನಮ್ಮ ಕೋಮಲ ಹಿಂದಿನ ಗೋಡೆಗೆ ಆತು ಕೂಡುತ್ತಿದ್ದಳು.

ಕೋಮಲ ನಮ್ಮ ಹೊಲದ ಬದುವಿನಾಚೆಯ ಮಾಳಪ್ಪನ ಮಗಳು. ಅವರು ಬೀರಪ್ಪನ ಒಕ್ಕಲು, ಕುರಿ ಸಾಕುವವರು. ಹಿಂಡಿನ ಯಜಮಾನಿಕೆ ಮಾಳಪ್ಪನ ತಾಯಿ ಭೀಮವ್ವನದು. ಮಾಳಪ್ಪನ ಹೆಂಡತಿ ಕುರಿಯ ಹಿಂದೆ ಹೋದರೆ ಸಂಜೆಗೇ ಬರುವುದು, ಹೀಗಾಗಿ ಕೋಮಲ ಶಾಲೆ ಬಿಟ್ಟೊಡನೆ ನನ್ನ ಅಂಗಳಕ್ಕೆ ಬರುತ್ತಿದ್ದಳು. ಪುಸ್ತಕವನ್ನು ಮೂಗಿಗೆ ಹಚ್ಚಿಕೊಂಡು ಓದುವುದು ಅವಳ ರೂಢಿ. “ನಮ್ಮ ಕೂಸ ಅಕ್ಷರದ ವಾಸನಿ ನೋಡತದ್ರಿ ಕಾಕು, ಆಡಿನ ಮರಿ ಸೊಪ್ಪಿಂದು ನೋಡಿದಂಗ” ಎಂದು ಭೀಮವ್ವ ನಗುತ್ತಿದ್ದಳು. ಮಾಸ್ತರರು ಬೋರ್ಡಿನ ಮೇಲೆ ಬರೆದದ್ದನ್ನು ಕೋಮಲ ಬರೆದುಕೊಳ್ಳುತ್ತಿರಲಿಲ್ಲ, ಮಾರ್ಕು ಕಡಿಮೆ ಬರುತ್ತಿತ್ತು, ಒಂದು ಬೆಂಚು ಹಿಂದೆ ಹೋಗುತ್ತಿದ್ದಳು. ಹಿಂದೆ ಹೋದಷ್ಟೂ ಮಾರ್ಕು ಇನ್ನೂ ಕಡಿಮೆಯಾಗುತ್ತಿತ್ತು. ಹಿಂದೆ ಗೋಡೆ ಇತ್ತಾದ್ದರಿಂದ ಸರಿಹೋಯಿತು, ಇಲ್ಲದಿದ್ದರೆ ಕರ್ನಾಟಕಕ್ಕೇ ಹೋಗಿ ಮುಟ್ಟುತ್ತಿದ್ದಳು. ಒಮ್ಮೆ ಶಾಲೆಗೆ ಕಣ್ಣು ತಪಾಸಣೆಯವರು ಬಂದಿದ್ದರು. ಪರ ಊರಿನ ಮಂದಿ ಬಂದಿದ್ದಾರೆ, ಶಾಲೆಯ ಹೆಸರು ಕೆಡಬಾರದೆಂದು ಹೆಡ್‌ಮಾಸ್ತರರು ಮುಂದಿನ ಬೆಂಚಿನ ಹುಶಾರ ಮಕ್ಕಳನ್ನೇ ಸಾಲು ನಿಲ್ಲಿಸಿ, ‘ಢ’ಗಳನ್ನು ಮೈದಾನದ ಕಸ ಆರಿಸಲು ಅಟ್ಟಿದರು. ನಮ್ಮ ಶಾಲೆಯ ಮಕ್ಕಳ ಕಣ್ಣು ಬಹಳ ಚಲೋ ಇವೆ ಎಂದು ಬಂದವರು ಹೊಗಳಿ ಹೋದರಂತೆ.

ಹೀಗಿರುವಾಗ ಹೋದ ವರ್ಷ ನಿಲಂಗಾದಿಂದ ಒಬ್ಬ ಸರ್ ಬಂದರು. ಅವರ ಹೆಸರು ಬೇಡ, ಊರಿಗೊಬ್ಬರು ಅಂಥವರಿದ್ದಾರೆ. ಸೂಟು ಹಾಕಿದ್ದರು, ಜೀಪಿನಲ್ಲಿ ಬಂದಿದ್ದರು, ಮಕ್ಕಳ ಮೂರನೆಯ ಕಣ್ಣು ತೆರೆಸುವ ಕ್ಲಾಸು ನಡೆಸುತ್ತಿದ್ದರು. ಈ ಕ್ಲಾಸಿಗೆ ಬಂದ ಮಗು ಕಣ್ಣು ಕಟ್ಟಿದರೂ ಓದುತ್ತದೆ, ಬಣ್ಣ ಹೇಳುತ್ತದೆ, ನೋಟಿನ ನಂಬರು ಹೇಳುತ್ತದೆ. ತೆರೆದ ಕಣ್ಣಿನಿಂದ ಓದದ ಮಕ್ಕಳೇ ಊರು ತುಂಬ ಇರುವಾಗ ಕಟ್ಟಿದ ಕಣ್ಣಿನವರು ಏಕೆ ಬೇಕೆಂದು ಯಾರೂ ಕೇಳಲಿಲ್ಲ. ಸರ್ ಹಾಲಿನಂಥ ಮರಾಠಿಯಲ್ಲಿ ಭಾಷಣ ಮಾಡಿ, ಪುಕ್ಕಟೆಯಾಗಿ ಪರೀಕ್ಷೆ ಮಾಡುತ್ತೇನೆಂದು ಮಕ್ಕಳನ್ನು ಕರೆದು ಒಬ್ಬೊಬ್ಬರಿಗೂ ಪಟ್ಟಿ ಕಟ್ಟಿ ಕೈಗೆ ಚೀಟಿ ಕೊಟ್ಟರು. ಮುಂದಿನ ಬೆಂಚಿನವರು ನೇರ ನಿಂತು, ಕೈ ಮುಂದೆ ಚಾಚಿ, ಚೀಟಿಯನ್ನು ದೂರ ಹಿಡಿದು ಬೆಬ್ಬೆಬ್ಬೆ ಎಂದರು. ಕೋಮಲ ತನ್ನ ರೂಢಿಯಂತೆ ಚೀಟಿಯನ್ನು ಮೂಗಿಗೆ ಹಚ್ಚಿ ಪಟಪಟ ಓದಿಬಿಟ್ಟಳು.

ಮೂಗಿನ ಎರಡೂ ಬದಿಗೆ ಪಟ್ಟಿ ಕೂಡದೆ ಒಂದು ಸಂದಿ ಉಳಿಯುತ್ತದೆ, ಬೇಕಾದರೆ ನೀವೇ ಕಟ್ಟಿ ನೋಡಿ. ಮೂಗಿನ ತುದಿಯಲ್ಲಿಟ್ಟು ಓದಿಯೇ ಗೊತ್ತಿದ್ದ ಕೂಸಿಗೆ ಅಷ್ಟು ಸಂದಿ ಬೇಕಾದಷ್ಟಾಯಿತು. ಮೂರನೆಯ ಕಣ್ಣು ಎಂದು ಸರ್ ಅನ್ನುವುದು ಆ ಸಂದಿಗೇ ಎಂದು ಅವಳು ತಿಳಿದಿದ್ದಳು. ಮೋಜೆಂದರೆ, ಮಕ್ಕಳಿಗೆ ತಿಂಗಳುಗಟ್ಟಲೆ ಕದ್ದು ನೋಡಲು ಕಲಿಸಿ ಸಾಕಾಗಿದ್ದ ಸರ್‌ಗೆ ಕಲಿಸದೆಯೇ ಓದುವ ಕೂಸು ಕಂಡದ್ದು ಅದೇ ಮೊದಲು. ಅವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ತನ್ನ ವಿದ್ಯೆ ನಿಜವಿದ್ದರೂ ಇರಬಹುದೆಂದು ಆ ಮನುಷ್ಯ ಆವತ್ತು ಮೊದಲ ಸಲ ನಂಬಿದನೆಂದು ಕಾಣುತ್ತದೆ.

ಮಾಳಪ್ಪನಂತೂ ನೆಲದ ಮೇಲೆ ಇರಲಿಲ್ಲ. ಮಗಳು ‘ಢ’ ಎಂದು ಶಾಲೆಯ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಿದ್ದವನು ಈಗ ಕಾರಣವಿಲ್ಲದೆ ಶಾಲೆಯ ಮುಂದೆಯೇ ಅಡ್ಡಾಡತೊಡಗಿದ. ಸರ್‌ಗೆ ಗುರುದಕ್ಷಿಣೆಯೆಂದು ತಾಯಿಗೆ ಹೇಳದೆ ಹಿಂಡಿನ ಒಳ್ಳೆಯ ಟಗರನ್ನು ಹಿಡಿದು ಜೀಪಿಗೆ ಏರಿಸಿದ. ನಾಲ್ಕು ದಿನ ಬಿಟ್ಟು ಬೀರಪ್ಪನ ಗುಡಿಯ ಮುಂದೆ ಊರಿನವರ ಎದುರಿಗೆ ಕೋಮಲಳ ಪ್ರದರ್ಶನ ಏರ್ಪಟ್ಟಿತು. ಅಲ್ಲಿ ಆದದ್ದು ನಮ್ಮ ಜನ ಮಾತ್ರ ಮಾಡಬಲ್ಲಂಥ ತಪ್ಪು. ಕಣ್ಣು ಮುಚ್ಚಿ ನಿಂತ ಹುಡುಗಿ ಕಾಣದ್ದನ್ನು ಹೇಳತೊಡಗಿದಾಗ ಬೀರಪ್ಪನ ಒಕ್ಕಲಿನ ಹೆಂಗಸರಿಗೆ ಸರ್‌ನ ಭಾಷಣವೆಲ್ಲ ಮರೆತುಹೋಯಿತು. ಕೂಸಿನ ಮೈಮೇಲೆ ದೇವರು ಬಂದಿದ್ದಾನೆಂದು ಅವರು ಸರಸರ ಎದ್ದು ಭಂಡಾರ ಎರಚಿ, ಕಾಯಿ ಒಡೆದು, ಕಾಲಿಗೆ ಬಿದ್ದು ಹೇಳಿಕೆ ಕೇಳಲು ಸಾಲು ಹಚ್ಚಿದರು. ಸರ್ ಸೂಟಿನ ಮೇಲೆ ಬಿದ್ದ ಅರಿಶಿನ ಕೊಡವಿಕೊಳ್ಳುತ್ತ “ಸೈನ್ಸ್ ಆಹೇ ಹೇ, ಸೈನ್ಸ್!” ಎಂದು ಕೂಗುತ್ತಿದ್ದರು. ಸಾಲಿನಲ್ಲಿ ಮೊದಲು ನಿಂತವಳು ಭೀಮವ್ವ.

“ನಮ್ಮಪ್ಪಾ, ನನ್ನ ಸೊಟ್ಟ ಕೋಡಿನ ಟಗರ ಕಾಣವಲ್ದು. ಯಾರ ಹೊಡಕೊಂಡು ಹೋಗ್ಯಾರ, ಹೇಳು” ಎಂದು ಮೊಮ್ಮಗಳ ಮುಂದೆ ಸೆರಗೊಡ್ಡಿದಳು.

ಕೋಮಲ ಪಟ್ಟಿಯ ಒಳಗಿನಿಂದಲೇ ಹೇಳಿದಳು: “ಸರ್‌ನ ಜೀಪಿನ್ಯಾಗ ಹೋಗ್ಯದ ಆಯಿ. ಅಪ್ಪಾನೇ ಹತ್ತಸ್ಯಾನ.”

ಊರಿಗೆ ಊರೇ ಹೋ ಎಂದಿತು. ನೋಡಿದ್ದನ್ನು ನೋಡಿದ ಹಾಗೆ ಹೇಳಿದ ಕೂಸಿನ ಮಾತು ದೈವವಾಣಿಯಾಯಿತು. ಮಾಳಪ್ಪ ಇಲ್ಲ ಅನ್ನುವಂತಿಲ್ಲ, ಅಂದರೆ ಮಗಳ ವಿದ್ಯೆ ಸುಳ್ಳಾಗುತ್ತದೆ. ಹೌದೆನ್ನುವಂತಿಲ್ಲ, ಅಂದರೆ ತಾಯಿಯ ಕೈಗೆ ಸಿಗುತ್ತಾನೆ. ಸರ್ ಮಾತ್ರ ಕೆಮ್ಮಿ, ಟಗರಿನ ವಿಷಯವನ್ನು ಅಲ್ಲಿಗೇ ಬಿಟ್ಟು, ಇಂಥ ಮಗು ಮರಾಠವಾಡಾದಲ್ಲೇ ಇಲ್ಲವೆಂದು ಘೋಷಿಸಿದರು. ವಾರ ತುಂಬುವುದರೊಳಗೆ ಹೆದ್ದಾರಿಯಿಂದ ನಮ್ಮೂರಿಗೆ ತಿರುಗುವ ಫಾಟಾದ ಮೇಲೆ, ಬೇವಿನ ಮರದ ಎತ್ತರಕ್ಕೆ, ಅದ್ಭುತ ಬಾಲಿಕೆ ಏರಿ ನಿಂತಳು.

ಇಲ್ಲಿಯವರೆಗೆ ನಾನೂ ನಕ್ಕೆ, ನೀವೂ ನಕ್ಕಿರಬಹುದು. ಆದರೆ ಆಮೇಲೆ ಮಾಳಪ್ಪ ಮಗಳ ಹೆಸರನ್ನು ಶಾಲೆಯಿಂದ ತೆಗೆಸುವ ಮಾತಾಡತೊಡಗಿದ. ಸರ್‌ನ ಕ್ಲಾಸಿನಲ್ಲೇ ಇಟ್ಟುಕೊಂಡು, ಉಮರ್ಗಾ, ಸಾಸ್ತೂರ, ಉದಗೀರ ಎಂದು ಊರೂರು ಕರೆದೊಯ್ದು ಪ್ರದರ್ಶನ ಮಾಡಿಸುತ್ತಾರಂತೆ. ನನಗೆ ಎತ್ತಿನ ಗಾಡಿಯ ಮುತ್ಯಾ ನೆನಪಾದರು, ಗೋದಾವರಿ ಮಾಂಜರಾ ನೆನಪಾಯಿತು. ಅದೇ ದಿನಗಳಲ್ಲಿ ಒಮ್ಮೆ ಶಾಲೆ ಬಿಟ್ಟ ಹೊತ್ತಿಗೆ ನಾನು ಬಾವಿಯ ಹತ್ತಿರ ನಿಂತು ಕೈಬೀಸಿ ಕರೆದರೆ ಕೋಮಲ ಬರಲಿಲ್ಲ, ಸುಮ್ಮನೆ ಮುಂದೆ ಹೋಗಿ, ಗೂಟಕ್ಕೆ ಕಟ್ಟಿದ್ದ ನಮ್ಮ ಎಮ್ಮೆಯ ಎದುರಿಗೆ ನಿಂತು “ಕರದಿರೇನ್ರಿ ಕಾಕು?” ಎಂದಳು. ನನ್ನ ಮೈ ಸ್ವಲ್ಪ ದಪ್ಪಗಾಗಿರುವುದು ನಿಜವೇ. ಆದರೂ ಹಗಲು ಹೊತ್ತಿನಲ್ಲಿ ಅಷ್ಟು ಸನಿಹದಿಂದ ಆಗುವ ತಪ್ಪು ಅದಲ್ಲ. ಹಣೆ ಮುಟ್ಟಿ ನೋಡಿದೆ. ದಿನಾ ತಲೆ ನೋಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ ಎಂದಳು.

“ಮಾಳಪ್ಪಾ, ಕೂಸಿಗಿ ಉದಗೀರಕ ಕಣ್ಣಿನ ಡಾಕ್ಟರ ಬಳಿ ಒಯ್ಯಿ. ಆಕಿಗಿ ದೂರಿಂದು ಕಾಣವಲ್ದು” ಎಂದೆ ಅದೇ ದಿನ.

ಅವನು ನನ್ನನ್ನು ಮರುಕದಿಂದ ನೋಡಿದ. “ಏನ್ ಮಾತಾಡ್ತೀರಿ ಕಾಕು! ಕಣ್ಣ ಕಟ್ಟಿದ್ರೂ ಓದೋ ಕೂಸಿಗಿ ಕಣ್ಣಿನ ಡಾಕ್ಟರ? ನಾಕ ಮಂದಿ ಕೇಳಿದ್ರ ನಗ್ತಾರ. ಸರ್ ಪೈಲೇನೇ ಹೇಳ್ಯಾರ, ಚಷ್ಮಾ ಹಾಕಿದ್ರ ಮೂರನೇ ಕಣ್ಣ ಮುಚ್ಚಿ ಹೋಗತದಂತ.”

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ಅಂಗೈಯನ್ನೇ ಬಗಲಲ್ಲಿ ಬಚ್ಚಿಟ್ಟುಕೊಂಡವನಿಗೆ ಯಾವ ಕನ್ನಡಿ ತೋರಿಸುವುದು? ಭೀಮವ್ವನಿಗೆ ಹೇಳಿದೆ. ಅವಳೂ ಅಳುಕಿದಳು. ದೇವರು ಇಳಿದ ಕಣ್ಣಿಗೆ ಗಾಜು ಹಚ್ಚಿದರೆ ಬೀರಪ್ಪ ಮುನಿದಾನೆಂಬ ಅಂಜಿಕೆ ಅವಳದು. ಒಬ್ಬರಿಗೆ ಮೂರನೆಯ ಕಣ್ಣಿನ ಚಿಂತೆ, ಇನ್ನೊಬ್ಬರಿಗೆ ದೇವರ ಕಣ್ಣಿನ ಚಿಂತೆ. ನೀರು ಸುರಿಯುತ್ತಿದ್ದ ಎರಡು ಕಣ್ಣು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಮರುವಾರ ಹೆಸರು ತೆಗೆಸುವುದೆಂದು ಗೊತ್ತಾಗಿತ್ತು. ಅದಕ್ಕೆ ಮುಂಚೆ ಶಾಲೆಯ ಮೈದಾನದಲ್ಲೇ ಒಂದು ಸತ್ಕಾರ ಸಮಾರಂಭ ಇಟ್ಟುಕೊಂಡರು. ತಾಲೂಕಿನ ಒಬ್ಬ ಪುಢಾರಿ ಬಂದರು, ಶಾಲು ಬಂತು, ಹಾರ ಬಂತು, ಮೈಕು ಬಂತು. ಬೀರಪ್ಪನ ಒಕ್ಕಲಿನ ಹೆಂಗಸರು ಭಂಡಾರದ ಚೀಲ ಹಿಡಿದು ಮುಂದೆಯೇ ಕೂತರು. ಕೋಮಲಳಿಗೆ ಪಟ್ಟಿ ಕಟ್ಟಿದರು. ಸರ್ ಎಂದಿನಂತೆ ಅವಳ ಕೈಗೆ ಚೀಟಿ ಕೊಡಲು ಹೋದಾಗ ಪುಢಾರಿಯವರ ಮೊಬೈಲು ಹಿಡಿದಿದ್ದವನು ತಡೆದ. ಚೀಟಿ ಸಣ್ಣದು, ಹುಡುಗಿಯ ಮುಖ ಅದರ ಹಿಂದೆ ಮುಚ್ಚಿಹೋಗುತ್ತದೆ, ವಿಡಿಯೋದಲ್ಲಿ ಏನೂ ಬರುವುದಿಲ್ಲ ಎಂದ. ಪುಢಾರಿಯವರಿಗೆ ತಮ್ಮ ವಿಡಿಯೋದ ಮುಂದೆ ಮೂರನೆಯ ಕಣ್ಣು ಯಾವ ಲೆಕ್ಕ? ದೊಡ್ಡ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ತಮ್ಮ ಹೆಸರನ್ನೇ ಬರೆಸಿ, ಅದನ್ನು ಬಿದಿರಿಗೆ ಕಟ್ಟಿಸಿ, ಎಲ್ಲರಿಗೂ ಕಾಣುವಂತೆ ಎತ್ತರಕ್ಕೆ ಹಿಡಿಸಿ “ಹಾಂ, ಈಗ ಓದ್ಲಿ” ಎಂದರು. ಸರ್‌ನ ಮುಖ ಸುಣ್ಣ ಹಚ್ಚಿದಂತಾಯಿತು.

ಕೋಮಲ ಕತ್ತು ಎತ್ತಿದಳು, ಇಳಿಸಿದಳು. “ಏಕಾಗ್ರತಾ, ಏಕಾಗ್ರತಾ” ಎಂದು ಸರ್ ಕಿವಿಯಲ್ಲಿ ಉಸುರಿದರು. ಹುಡುಗಿ ಕಡೆಗೆ ಬೇಸತ್ತು ತಾನೇ ಪಟ್ಟಿಯನ್ನು ಹಣೆಯ ಮೇಲಕ್ಕೆ ಸರಿಸಿ, ಎರಡೂ ಕಣ್ಣು ಕಿರಿದು ಮಾಡಿ ಆ ರಟ್ಟನ್ನು ನೋಡಿದಳು. ಎದುರಿಗೇ ಮೈಕು ಇತ್ತು.

“ಕಣ್ಣ ಬಿಟ್ರೂ ಕಾಣಂಗಿಲ್ರಿ ಸರ್. ಪೈಲೆದಿಂದಾನೇ ಕಾಣಂಗಿಲ್ಲ. ಹತ್ತರ ತರ್ರಿ, ಓದ್ತೀನಿ.”

ಮೈಕು ಆ ಮಾತನ್ನು ಬೆಂಚಿನ ಹುಶಾರರಿಗೂ, ಹೆಡ್‌ಮಾಸ್ತರರಿಗೂ, ರಸ್ತೆಯಾಚೆಯ ಚಹಾದಂಗಡಿಗೂ ಮುಟ್ಟಿಸಿತು. ಯಾರೋ ಕಿಸಕ್ಕೆಂದರು. ಹೆಂಗಸರ ನಡುವಿನಿಂದ ಭೀಮವ್ವ ಎದ್ದಳು. ಭಂಡಾರದ ಚೀಲ ಕೈಯಿಂದ ಜಾರಿ ಬಿದ್ದದ್ದನ್ನೂ ನೋಡಲಿಲ್ಲ.

“ಕೂಸೇ, ನಾ ಯಾರ?” ಎಂದು ಅಲ್ಲಿಂದಲೇ ಕೇಳಿದಳು.

“ಆಯಿ.”

“ನನ್ನ ಮಾರಿ ಕಾಣತದೇನ?”

“ಮಾರಿ ಇಲ್ಲಿ ಬಂದ್ರ ಕಾಣತದ ಆಯಿ. ದನಿ ನಿಂದೇ ಅದ.”

ಭೀಮವ್ವ ಮಂದಿಯನ್ನು ಎರಡೂ ಕೈಯಿಂದ ಸರಿಸಿಕೊಂಡು ಹೋಗಿ ಮೊಮ್ಮಗಳ ಹಣೆಯ ಪಟ್ಟಿಯನ್ನು ಬಿಚ್ಚಿ ಎಸೆದಳು. “ಬಗಲಾಗ ಕೂಸ ಇಟಗೊಂಡು ಊರೆಲ್ಲಾ ಹುಡಕಿದ್ರಂತ, ಹಂಗಾತು ನಮ್ಮ ಬಾಳೇವು” ಎಂದು ಗೊಳೋ ಎಂದು ಅತ್ತಳು. ಮಾಳಪ್ಪ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದ. “ಅವ್ವಾ, ಫಾಟಾದ ಮ್ಯಾಲ ಫ್ಲೆಕ್ಸ ಅದ! ನಾಳಿಗಿ ಇಕಿ ಚಷ್ಮಾ ಹಾಕ್ಕೊಂಡು ಅದರ ತೆಳಗ ನಿಂತ್ರ ಮಂದಿ ಏನಂದಾರು?”

“ಮಂದಿ ನಕ್ರ ನಗ್ಲಿ, ಹಲ್ಲ ಅವರವು. ಕೂಸಿನ ಕಣ್ಣ ನಮ್ಮವು. ಎರಡು ನೆಟ್ಟಗ ಕಾಣ್ಲಿ ಪೈಲೆ, ಮೂರನೇದ್ದು ಬೀರಪ್ಪಗ ಬಿಡು” ಎಂದಳು ಭೀಮವ್ವ. ಆಮೇಲೆ ಸರ್ ಕಡೆಗೆ ತಿರುಗಿ, “ನನ್ನ ಟಗರ ನಾಳಿಗಿ ಮುಂಜಾನಿ ದೊಡ್ಡ್ಯಾಗ ಇರಬೇಕ್ ನೋಡ್ರಿ” ಎಂದಳು. ಟಗರು ಬಂತೆಂದು ಹೇಳಲು ನನಗೂ ಆಸೆ, ಆದರೆ ಬರಲಿಲ್ಲ. ಅದಾಗಲೇ ನಿಲಂಗಾದಲ್ಲಿ ಯಾರ ಯಾರದೋ ಹೊಟ್ಟೆಯಲ್ಲಿ ಜೀರ್ಣವಾಗಿತ್ತು.

ಮರುದಿನ ಭೀಮವ್ವ, ಕೋಮಲ, ನಾನು ಮೂವರೂ ಉದಗೀರಕ್ಕೆ ಹೋದೆವು. ಡಾಕ್ಟರು ಗಾಜಿನ ಮೇಲೆ ಗಾಜು ಬದಲಿಸಿ ಗೋಡೆಯ ಅಕ್ಷರ ಓದಿಸಿ, ಕಡೆಗೆ ಪೆನ್ನು ಕೆಳಗಿಟ್ಟು, ಈ ಹುಡುಗಿ ಇಷ್ಟು ದಿನ ಎಲ್ಲಿ ಕೂಡುತ್ತಿದ್ದಳೆಂದು ಕೇಳಿದರು. ಹಿಂದಿನ ಗೋಡೆಯ ಹತ್ತಿರ ಎಂದೆ. “ಅಲ್ಲಿ ಕೂತು, ಬೋರ್ಡ ಕಾಣದಂಗ, ನಾಕನೇ ಇಯತ್ತಾ ತನಕ ಬಂದಾಳ? ಬರೇ ಕೇಳಿ ಕೇಳಿ? ಭಾಳ ಹುಶಾರ ಅದಾಳ್ರಿ ನಿಮ್ಮ ಕೂಸ” ಎಂದರು. ಆ ಸೀಮೆಯಲ್ಲಿ ಆ ಹುಡುಗಿಯ ಬಗ್ಗೆ ಯಾರಾದರೂ ತಿಳಿದು ಆಡಿದ ಮಾತು ಅದೊಂದೇ. ಅದನ್ನು ಯಾರೂ ಫ್ಲೆಕ್ಸಿನ ಮೇಲೆ ಹಾಕಲಿಲ್ಲ.

ಚಷ್ಮಾ ಹಾಕಿಕೊಂಡ ಕೋಮಲ ಬಸ್ಸಿನಲ್ಲಿ ಕಿಟಕಿಗೆ ಆತು ಕೂತು ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದಳು. ನಿಲಂಗಾ ದಾಟಿತು, ಕಾಸಾರಶಿರಸಿ ಹತ್ತಿರವಾಯಿತು. ನಮ್ಮ ಫಾಟಾ ಇನ್ನೂ ದೂರವಿರುವಾಗಲೇ ಅವಳು ಬೆರಳು ತೋರಿಸಿ “ಅಲ್ಲಿ ಮ್ಯಾಲ ನಿಂತಾಕಿ ಯಾರ್ರೀ ಕಾಕು?” ಎಂದಳು. ಅಷ್ಟು ದಿನ ಆ ಫ್ಲೆಕ್ಸಿನ ಕೆಳಗೆ ಓಡಾಡಿದ್ದಳು, ಮಂದಿ ಕೈ ಮುಗಿಯುತ್ತಾರೆಂದು ಕೇಳಿದ್ದಳು. ತನ್ನ ಚಿತ್ರವನ್ನು ಅವಳು ನೋಡಿಯೇ ಇರಲಿಲ್ಲ. ನೀನೇ ಎಂದೆ. ಬಹಳ ಹೊತ್ತು ನೋಡಿದಳು. ಆಮೇಲೆ ನಮ್ಮಿಬ್ಬರ ಮುಖವನ್ನು, ಹೊಸ ಊರಿಗೆ ಬಂದವರು ಮನೆ ನೋಡುವ ಹಾಗೆ, ಒಂದೊಂದಾಗಿ ನೋಡಿ ಕೇಳಿದಳು:

“ನೀವು ಎಲ್ಲಾರೂ ದಿನಾ ಹಿಂಗೇ ನೋಡ್ತಿದ್ದಿರೇನು? ಇಷ್ಟ ದೂರಿಂದು? ಮತ್ತ ನಂಗ್ಯಾಕ ಯಾರೂ ಹೇಳ್ಲಿಲ್ಲ?”

ಭೀಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅವಳ ಹೊಸ ಚಷ್ಮಾ ತೆಗೆದು, ಒರೆಸಿ, ಮತ್ತೆ ಮೂಗಿನ ಮೇಲೆ ಇಟ್ಟೆ.

ಸರ್ ಈಗ ಬೇರೆ ತಾಲೂಕಿನಲ್ಲಿದ್ದಾರಂತೆ. ಕ್ಲಾಸು ಜೋರಾಗಿದೆ, ರಟ್ಟು ಎತ್ತರಕ್ಕೆ ಹಿಡಿಯಬಾರದೆಂದು ಮಾತ್ರ ಮೊದಲೇ ಕರಾರು ಮಾಡಿಕೊಳ್ಳುತ್ತಾರಂತೆ. ಕೋಮಲಳ ಹೆಸರು ಶಾಲೆಯಲ್ಲೇ ಉಳಿಯಿತು. ಹೆಡ್‌ಮಾಸ್ತರರು ಮುಂದಿನ ಬೆಂಚು ಕೊಡುತ್ತೇನೆಂದರೆ, ಇಲ್ಲಿಂದಲೂ ಕಾಣುತ್ತದೆ ಎಂದು ಅವಳೇ ನಡುವೆ ಕೂತಿದ್ದಾಳೆ. ಮಾರ್ಕು ಸಾಧಾರಣವಾಗಿ ಬರುತ್ತವೆ. ಮಾಳಪ್ಪನಿಗೆ ಮಾತ್ರ ಇನ್ನೂ ದುಃಖ ಆರಿಲ್ಲ. ಅದ್ಭುತ ಬಾಲಿಕೆಯನ್ನು ಕಳೆದುಕೊಂಡು ಬರೀ ಮಗಳನ್ನು ಪಡೆದ ನಷ್ಟ ಅವನದು. ಫ್ಲೆಕ್ಸನ್ನು ಅವನೇ ಒಂದು ದಿನ ಬಿಚ್ಚಿ ತಂದು, ನನ್ನ ಮುಖ ನೋಡದೆ, “ತಗೋರಿ ಕಾಕು, ಬಣವಿಗಿ ಬರತದ” ಎಂದು ಅಂಗಳಕ್ಕೆ ಎಸೆದು ಹೋದ.

ನಿನ್ನೆ ಸಂಜೆ ಉಮರ್ಗಾದ ಕಡೆಯಿಂದ ಮೋಡ ಎದ್ದು ಗಾಳಿ ಬೀಸಿತು. ನಾನು ಕಲ್ಲುಗಳನ್ನು ಎತ್ತಿ ಎತ್ತಿ ಫ್ಲೆಕ್ಸಿನ ಮೇಲೆ ಹೇರುತ್ತಿದ್ದೆ. ಮೂಲೆಗೆ ಹಗ್ಗ ಬಿಗಿಯಲು ಕೋಮಲ ಬಣವೆ ಏರಿದಳು, ತನ್ನ ಚಿತ್ರದ ಪಕ್ಕದಲ್ಲೇ ಮಂಡಿಯೂರಿ ಕೂತಳು. ನಾನು ಎಂದಿನಂತೆ ದೊಡ್ಡ ಕಲ್ಲನ್ನು ನಡುವೆ ಇಟ್ಟೆ. ಅವಳು ಮೂಗಿನ ಮೇಲೆ ಜಾರಿದ ಚಷ್ಮಾ ಮೇಲಕ್ಕೆ ತಳ್ಳಿ, ಎರಡೂ ಕೈಯಿಂದ ಆ ಕಲ್ಲನ್ನು ಪಕ್ಕಕ್ಕೆ ಸರಿಸಿದಳು.

“ಕಣ್ಣಿನ ಮ್ಯಾಲ ಬ್ಯಾಡ್ರಿ ಕಾಕು,” ಎಂದಳು. “ಬಾಜೂಕ ಇಡ್ರಿ.”